ಕಕ್ಕಡ 18ರ ಕೆಂಪು, ಬೆಳಗಿನ ಕಪ್ಪು

2025 ಆಗಸ್ಟ್ 3, ಭಾನುವಾರ, ಮಡಿಕೇರಿ

ಇವತ್ತು ಕಕ್ಕಡ 18, ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದುಸೊಪ್ಪು ಎಂಬ ಔಷಧಿ ಗಿಡದ ಸೊಪ್ಪು ತಿನ್ನುವ ದಿನ. ಮದ್ದುಸೊಪ್ಪು ಬೇಯಿಸಿದ ನೀರಿನ ನೇರಳೆ ಬಣ್ಣ ಪಾಯಸಕ್ಕೂ ಇಳಿಯುತ್ತದೆ, ತಿಂದವರ ಮೂತ್ರವೂ ಕೆಂಪಾಗುತ್ತದೆ. ಕೊಡಗಿನಲ್ಲಿ ಅದಕ್ಕೆ ಯಾರೂ ಹೆದರುವುದಿಲ್ಲ. ಮದ್ದು ಮೈಗೆ ಹಿಡಿಯಿತು ಅಂತಲೇ ಲೆಕ್ಕ. ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ.

ಸೊಪ್ಪು ತಿನ್ನದೆಯೂ ಬೆಳಗಿನ ಮೊದಲ ಮೂತ್ರ ಹಾಲು ಹಾಕದ ಕಾಫಿಯಂತೆ ಕಪ್ಪಾಗಿ, ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತಿದ್ದರೆ ಆ ಲೆಕ್ಕ ಬೇಡ. ಪಿಎನ್‌ಎಚ್ (ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಹಿಮೋಗ್ಲೋಬಿನ್ಯೂರಿಯಾ) ಎಂಬ ಅಪರೂಪದ ಮೂಳೆಮಜ್ಜೆಯ ಕಾಯಿಲೆ ಹೀಗೆ ಕಾಣಿಸಿಕೊಳ್ಳಬಹುದು. ಮಜ್ಜೆಯ ಮೂಲಕೋಶವೊಂದರಲ್ಲಿ ಪಿಐಜಿಎ ಜೀನ್ ಕೆಡುತ್ತದೆ. ಅದರಿಂದ ಹುಟ್ಟಿದ ಕೆಂಪು ರಕ್ತಕಣಗಳ ಮೈಮೇಲೆ ಸಿಡಿ55, ಸಿಡಿ59 ಎಂಬ ಕಾವಲು ಪ್ರೋಟೀನುಗಳು ಇರುವುದಿಲ್ಲ. ಸೋಂಕಿನ ವಿರುದ್ಧ ಕೆಲಸ ಮಾಡಬೇಕಾದ ಕಾಂಪ್ಲಿಮೆಂಟ್ ಪ್ರೋಟೀನುಗಳು ಈ ಕಣಗಳನ್ನೇ ಒಡೆಯುತ್ತವೆ. ಹೊರಬಿದ್ದ ಹಿಮೋಗ್ಲೋಬಿನ್ ಮೂತ್ರಕ್ಕೆ ಸೇರುತ್ತದೆ. ರಾತ್ರಿ ಮೂತ್ರ ಗಟ್ಟಿಯಾಗುವುದರಿಂದ ಬೆಳಿಗ್ಗೆ ಬಣ್ಣ ಎದ್ದು ಕಾಣುತ್ತದೆ. ಇದು ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ಬಣ್ಣವೊಂದನ್ನೇ ನೆಚ್ಚಿಕೊಂಡರೂ ಕಷ್ಟ. ಶುರುವಿನಲ್ಲಿ ಬಹುಪಾಲು ರೋಗಿಗಳಿಗೆ ಅದು ಇರುವುದೇ ಇಲ್ಲ. ನಾಟಿ ಕೆಲಸದ ಸುಸ್ತು ಅಂತ ತಳ್ಳಿಹಾಕುವ ಆಯಾಸ, ನುಂಗುವಾಗ ಎದೆಯಲ್ಲಿ ಹಿಡಿದಂತಾಗುವುದು, ಬಂದುಹೋಗುವ ಹೊಟ್ಟೆನೋವು, ಇಷ್ಟೇ ಇರಬಹುದು. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಮರಳುತ್ತದೆ, ಯಾಕೆಂದರೆ ಕಬ್ಬಿಣ ಮೂತ್ರದಲ್ಲೇ ಸೋರುತ್ತಿರುತ್ತದೆ. ಎಲ್ಲಕ್ಕಿಂತ ಭಯ ಪಡಬೇಕಾದದ್ದು ಯಕೃತ್ತು, ಕರುಳು, ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ. ಹೊಟ್ಟೆ ಊದಿ ಬಲಪಕ್ಕೆ ನೋವಾದರೆ, ಎಂದೂ ಬಾರದಂಥ ತಲೆನೋವು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮಳೆಗಾಲದ ಇಲಿಜ್ವರದಲ್ಲೂ ಮೂತ್ರ ಕಪ್ಪಾಗಬಹುದು. ಅಲ್ಲಿ ಸಾಮಾನ್ಯವಾಗಿ ಜ್ವರ, ಮೀನಖಂಡದ ನೋವು ಜೊತೆಗಿರುತ್ತವೆ, ಅದಕ್ಕೂ ತಡಮಾಡುವಂತಿಲ್ಲ.

ಡಾಕ್ಟರಿಗೆ ತೋರಿಸುವಾಗ ಬೆಳಗಿನ ಮತ್ತು ಮಧ್ಯಾಹ್ನದ ಮೂತ್ರವನ್ನು ತಿಳಿಗಾಜಿನ ಸೀಸೆಯಲ್ಲಿ ಹಗಲ ಬೆಳಕಿಗೆ ಹಿಡಿದು ತೆಗೆದ ಫೋಟೋ ಇದ್ದರೆ ತುಂಬ ಅನುಕೂಲ. ಮದ್ದುಸೊಪ್ಪು, ಬೀಟ್ರೂಟ್ ಯಾವತ್ತು ತಿಂದಿರಿ ಅಂತಲೂ ಹೇಳಿ. ಲ್ಯಾಬಿನಲ್ಲಿ ಮೂತ್ರಕ್ಕೆ ಪರೀಕ್ಷೆಯ ಪಟ್ಟಿ ಅದ್ದಿದರೆ ರಕ್ತ ಇದೆ ಅನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ಕೆಂಪುಕಣ ಕಾಣುವುದೇ ಇಲ್ಲ: ಇದೇ ದೊಡ್ಡ ಸುಳಿವು. ಜೊತೆಗೆ ಎಲ್‌ಡಿಎಚ್ (ಕಣಗಳು ಒಡೆದಾಗ ಹೊರಬರುವ ಕಿಣ್ವ) ಏರಿ, ಹ್ಯಾಪ್ಟೋಗ್ಲೋಬಿನ್ (ಹೊರಬಿದ್ದ ಹಿಮೋಗ್ಲೋಬಿನ್ ಹಿಡಿಯುವ ಪ್ರೋಟೀನು) ಇಳಿದು, ಕೆಂಪುಕಣಕ್ಕೆ ಪ್ರತಿಕಾಯ ಅಂಟಿದೆಯೇ ಅಂತ ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್ ಬಂದರೆ, ಕಣಗಳ ಮೇಲೆ ಕಾವಲು ಪ್ರೋಟೀನುಗಳು ಇವೆಯೇ ಅಂತ ನೋಡುವ ಫ್ಲೋ ಸೈಟೋಮೆಟ್ರಿ ಕೇಳಿ. ಅದಕ್ಕೆ ಕೈಯ ರಕ್ತ ಸಾಕು. ರಕ್ತ ತಾಜಾ ಇರಬೇಕಾದ್ದರಿಂದ ಸ್ಯಾಂಪಲ್ ಕಳಿಸುವುದಕ್ಕಿಂತ, ಆ ಪರೀಕ್ಷೆ ಮಾಡುವ ಊರಿಗೇ ಹೋಗಿ ಕೊಡುವುದು ಲೇಸು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಮೊದಲೇ ತಿಳಿಸಿ. ದಾನಿಯ ಕೆಂಪುಕಣಗಳ ನಡುವೆ ಕಾಯಿಲೆಯ ಕಣಗಳು ಕಡಿಮೆ ಕಾಣುತ್ತವೆ. ಆಗ ಬಿಳಿಕಣಗಳಲ್ಲಿ ಕಾಯಿಲೆಯವು ಎಷ್ಟು ಎಂಬ ಲೆಕ್ಕವೇ ನಂಬಿಕೆಗೆ ಯೋಗ್ಯ.