ಹಂಚು, ಚಪ್ಪಡಿ, ಮುರಕಲ್ಲು: ಉಜ್ಜುಚಿತ್ರಗಳ ಕೆಲಸ ಎಲ್ಲಿಗೆ ಬಂತು

ಹಳೇ ಮನೆ ಕೆಡವಿದ ಕಡೆ ಸಿಗುವ ಸಾಮಾನುಗಳ ಮೇಲೆ ತೆಳು ಕಾಗದ ಹರಡಿ, ಮೇಣದ ಬಳಪದಿಂದ ಉಜ್ಜಿ ಚಿತ್ರ ತೆಗೆಯುತ್ತಿದ್ದೇನೆ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ ವಿಧಾನ. ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಮರದ ಹಲಗೆಯ ನೆಲದಿಂದ ಹೀಗೆಯೇ ಚಿತ್ರ ತೆಗೆದ. ಅವನಿಗೆ ಆ ಗೆರೆಗಳಲ್ಲಿ ಕಾಡು, ಪ್ರಾಣಿಗಳು ಕಂಡವು. ನನಗೆ ಬೇಕಾಗಿರುವುದು ಆ ಗೆರೆ ಅಲ್ಲಿಗೆ ಹೇಗೆ ಬಂತು ಅನ್ನೋದು.

ಮಂಗಳೂರು ಹಂಚಿನ ಭಾಗ ಬಹುತೇಕ ಮುಗಿಯಿತು. ಇದಕ್ಕೇ ಜಾಸ್ತಿ ಸಮಯ ಹಿಡಿಯಿತು, ಅದಕ್ಕೆ ಬೇಸರವಿಲ್ಲ. ಮೊದಲು ತೆಂಗಿನ ನಾರಿನಿಂದ ಪಾಚಿ ಉಜ್ಜಿ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಬೇಕು. ಸ್ವಲ್ಪ ತೇವ ಇದ್ದರೂ ಕಾಗದ ಹರಿಯುತ್ತದೆ. ಬಳಪವನ್ನು ಅಡ್ಡ ಮಲಗಿಸಿ ಒಂದೇ ದಿಕ್ಕಿಗೆ ಎಳೆಯಬೇಕು. ಉಬ್ಬಿದ್ದು ಕಪ್ಪಾಗಿ, ತಗ್ಗು ಬಿಳಿಯಾಗಿ ಬರುತ್ತದೆ. ಕೆಂಪು ಬಣ್ಣ ಹೋಗಿ ಬರೀ ಆಕಾರ ಉಳಿದಾಗಲೇ ಹಂಚು ನಿಜವಾಗಿ ಕಾಣುವುದು. ಅಂಚಿನ ಗೆರೆಗಳು ಪಕ್ಕದ ಹಂಚಿನೊಳಗೆ ಕೂರುವುದಕ್ಕೆ. ಕೆಳಗಿನ ಗುಬಟು ರೀಪಿಗೆ ಸಿಕ್ಕಿಕೊಳ್ಳುವುದಕ್ಕೆ. ಮೇಲಿನ ಕಾಲುವೆಗಳು ಮಳೆನೀರಿಗೆ. ಅಂದಕ್ಕೆಂದು ಮಾಡಿದ ಗೆರೆ ಒಂದೂ ಇಲ್ಲ, ಆದರೂ ಎಷ್ಟು ಚೆಂದ!

ಒಳಮೈಯಲ್ಲಿ ಕಾರ್ಖಾನೆಯ ಹೆಸರು ಇರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ನದಿ ಬಯಲಿನ ಜೇಡಿಯನ್ನು ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಸುಡುತ್ತಿದ್ದರು. ಅದನ್ನು ನೋಡಿ ಎಷ್ಟೋ ಕಾರ್ಖಾನೆಗಳು ಹುಟ್ಟಿದವು, ಹಾಗಾಗಿ ಒಂದೇ ಮಾಡಿನಲ್ಲಿ ಬೇರೆ ಬೇರೆ ಹೆಸರು ಸಿಗುತ್ತವೆ. ಒಡೆದಾಗೆಲ್ಲ ಸಿಕ್ಕಿದ್ದನ್ನು ಹೊದಿಸಿದ್ದಾರೆ. ಈ ಹೆಸರುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಸಾಲಾಗಿ ತೆಗೆದದ್ದು ಈವರೆಗಿನ ನನ್ನ ಇಷ್ಟದ ಚಿತ್ರ.

ಮುರಕಲ್ಲು ಸುಲಭ. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಇದು. ಕೈಯಲ್ಲಿ ಕಡಿದದ್ದಾದರೆ ಓರೆ ಏಟುಗಳು ಬರುತ್ತವೆ, ಯಂತ್ರದ್ದಾದರೆ ಗರಗಸದ ಕಮಾನು ಗೆರೆ. ಚಪ್ಪಡಿ ಕಲ್ಲಿನ ಅಂಚಿನಲ್ಲಿ ಬೆಣೆ ಹೊಡೆದು ಸೀಳಿದ ಅರ್ಧ ತೂತುಗಳ ಸಾಲು ಸಿಕ್ಕಿತು. ಹಸಿ ಮಣ್ಣನ್ನು ತಂತಿಯಿಂದ ಕತ್ತರಿಸಿ ಮಾಡುವ ವೈರ್‌ಕಟ್ ಇಟ್ಟಿಗೆಯಲ್ಲಿ ಆ ತಂತಿ ಎಳೆದ ಗೀರುಗಳಿವೆ.

ವಿಟ್ರಿಫೈಡ್ ಟೈಲ್ಸ್ ಕೂಡ ನೋಡಿದೆ. ನುಣುಪಾದ ಮುಂಭಾಗದಿಂದ ಏನೂ ಬರಲಿಲ್ಲ. ತಿರುಗಿಸಿ ಉಜ್ಜಿದರೆ ಗಾರೆ ಹಿಡಿಯಲೆಂದು ಮಾಡಿದ ಚೌಕಗಳ ಜಾಲ, ಬಹಳ ಚೆನ್ನಾಗಿದೆ. ನಾವು ನೆಲದೊಳಗೆ ಹುಗಿಯುವ ಕಡೆಯೇ ನೋಡಬೇಕಾದದ್ದು ಅಂತ ನನ್ನ ಅಭಿಪ್ರಾಯ.

ಮುಂದಿನದು ಫಿಲ್ಲರ್ ಸ್ಲ್ಯಾಬ್, ಅಂದರೆ ನಡುನಡುವೆ ಹಂಚು ತುಂಬಿದ ಕಾಂಕ್ರೀಟ್ ಚಾವಣಿ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ತುಂಬ ಬಳಸಿದರು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿ ಕಾಂಕ್ರೀಟಿನ ಕೆಲಸ ಕಡಿಮೆ. ಹಾಗಾಗಿ ಕಂಬಿಗಳ ನಡುವೆ ಹಂಚು ಕೂರಿಸಿ ಸಿಮೆಂಟ್ ಉಳಿಸುತ್ತಾರೆ. ಕೆಳಗಿಂದ ನೋಡಿದರೆ ಸೂರೇ ಒಂದು ಚಿತ್ರ. ಪರಿಚಯದವರ ಮನೆಯಲ್ಲಿ ಉಜ್ಜಲು ಒಪ್ಪಿಗೆ ಸಿಕ್ಕಿದೆ. ತಲೆ ಮೇಲೆ ಕಾಗದ ಹಿಡಿಯೋಕೆ ಇನ್ನೊಬ್ಬರು ಬೇಕು, ತಂಗಿ ಬರ್ತೀನಿ ಅಂದಿದ್ದಾಳೆ.