ಸುಹೇಲಿಯ ಸಂದು

ಆನೆಗೊಂದಿ ದಡದಾಗ ಇವತ್ತು ಹರಗೋಲು ಬೋರಲು ಹಾಕಿ ಡಾಂಬರು ಬಳಿಯಾಕತ್ತಿದ್ರು. ಒಣಗಿದ ಮ್ಯಾಲೆ ಹೊಳಿಗೆ ಇಳಿಸೋದು, ಅಷ್ಟ.

ನೆನಪಾಗಿದ್ದು ರಾಬಿನ್ ನಾಕ್ಸ್-ಜಾನ್ಸ್ಟನ್. 1968ರ ಜೂನ್ 14ಕ್ಕ ಹಾಯಿದೋಣಿ ಸ್ಪರ್ಧೆಗಂತ ಇಂಗ್ಲೆಂಡಿನ ಫಾಲ್ಮತ್ ಬಂದರು ಬಿಟ್ಟು, ಎಲ್ಲೂ ನಿಲ್ಲದ ಒಬ್ಬನ ಜಗತ್ತು ಸುತ್ತಿ 312 ದಿನಕ್ಕ ವಾಪಸ್ ಬಂದವ. ದೋಣಿ ಸುಹೇಲಿ. 32 ಅಡಿ, ಮುಂಬೈದಾಗ ಕಟ್ಟಿದ ಸಾಗವಾನಿ ಕಟಿಗಿದು.

ಅಟ್ಲಾಂಟಿಕ್‌ನಾಗ ಇದ್ದಾಗಲೇ ಸೋರಾಕ ಹತ್ತಿತು. ಹಲಗಿ ಹಲಗಿ ನಡುವಿನ ಸಂದು, ಅದೂ ನೀರಿನ ಕೆಳಗ. ಮುಳುಗಿ, ಉಸಿರು ಹಿಡಿದು ಹತ್ತಿ ತುರುಕಬೇಕು. ಬಡಿಯೋದ್ರೊಳಗ ಉಸಿರು ಮುಗೀತೈತಿ, ಮ್ಯಾಲೆ ಬಂದು ಮತ್ತ ಇಳಿಯೋದ್ರಾಗ ಹತ್ತಿ ಹೊರಗ ತೇಲಾಕತ್ತಿರತೈತಿ. ಅದಕ್ಕ ಅವ ಏನ್ ಮಾಡಿದ ನೋಡ್ರಿ: ಕ್ಯಾನ್ವಾಸ್ ಪಟ್ಟಿಗೇ ಹತ್ತಿ ಹೊಲಿದ. ಡಾಂಬರು ಮೆತ್ತಿದ. ಪಟ್ಟಿಗೆ ಮೊದಲೇ ತಾಮ್ರದ ಮೊಳಿ ಚುಚ್ಚಿಟ್ಟುಕೊಂಡು, ಇಳಿದು ಸಂದಿನ ಮ್ಯಾಲೆ ಬಡಿದ. ನೀರಿನ ಹೊಡೆತಕ್ಕ ಪಟ್ಟಿ ಕಿತ್ತು ಹೋಗಬಾರದಂತ ಅದರ ಮ್ಯಾಲೊಂದು ತಾಮ್ರದ ತಗಡು. ಕಬ್ಬಿಣ ಆಗಿದ್ರ ಉಪ್ಪುನೀರು ತಿಂದುಹಾಕ್ತಿತ್ತು. ನಡುವ ಶಾರ್ಕ್ ಬಂತು, ಗುಂಡು ಹೊಡೆದ, ಮತ್ತ ಇಳಿದ.

ಎಲ್ಲಾರೂ ಅವನ ಒಂಟಿತನ ಹೊಗಳ್ತಾರ. ನನಗ ದೊಡ್ಡದು ಅನಸೋದು ಆ ಹೊಲಿಗಿ.

ಮುಂದ ರೇಡಿಯೋ ಕೆಟ್ಟಿತು, ತಾನಾಗಿ ದಿಕ್ಕು ಹಿಡಿಯೋ ಚುಕ್ಕಾಣಿ ಸಾಧನ ಮುರೀತು. ಆ ಸ್ಪರ್ಧೆಗೆ ಹೊರಟವರು ಒಂಬತ್ತು ಮಂದಿ, ಮುಗಿಸಿದವ ಇವನೊಬ್ಬನ.

ನಮ್ಮ ಅಭಿಲಾಷ್ ಟಾಮಿ ಅವರು 2012-13ರಾಗ ಗೋವಾದಾಗ ಕಟ್ಟಿದ ಮ್ಹಾದೇಯಿ ಅನ್ನೋ ದೋಣಿಯಾಗ ಹಿಂಗ ಸುತ್ತಿ ಬಂದ್ರು, ಭಾರತದವರಾಗ ಮೊದಲಿಗರು. ಅದು 56 ಅಡಿ, ಕಟಿಗಿ ಮ್ಯಾಲೆ ಫೈಬರ್ ಹೊದಿಕಿ. ಹತ್ತಿ ತುರುಕೋ ಸಂದೇ ಇಲ್ಲ.