ಕನ್ನಾಪೊಲಿಸ್‌ನಲ್ಲಿ ಅಪ್ಪಾಜಿ ಜೊತೆ ಒಂದು ಭಾನುವಾರ

ಅಪ್ಪಾಜಿ ಅಮೆರಿಕದ ಶಾರ್ಲೆಟ್‌ಗೆ ಬಂದು ಮೂರು ವಾರ ಆಗಿತ್ತು, ದೇವಸ್ಥಾನ, ಮಾಲು, ಪಾರ್ಕು ಎಲ್ಲಾ ಮುಗಿದು ಮನೇಲಿ ಕೂತು ಕೂತು ಬೇಜಾರಾಗಿದ್ರು. ಬನ್ನಿ ಒಂದು ಮಿಲ್ ಊರು ತೋರಿಸ್ತೀನಿ ಅಂದೆ, ತಕ್ಷಣ ಎದ್ದು ಚಪ್ಪಲಿ ಹುಡುಕೋಕೆ ಶುರು ಮಾಡಿದ್ರು. ದಾವಣಗೆರೆಯ ಒಂದು ಹತ್ತಿ ಮಿಲ್ಲಲ್ಲಿ ಸ್ಪಿನ್ನಿಂಗ್‌ನಲ್ಲಿ ಇಪ್ಪತ್ತಾರು ವರ್ಷ ದುಡಿದೋರು, ಮಿಲ್ಲು ಮುಚ್ಚಿ ಎಷ್ಟು ವರ್ಷ ಆದ್ರೂ ಆ ಹೆಸರು ಕೇಳಿದ್ರೆ ಮುಖ ಬದಲಾಗತ್ತೆ.

ಕನ್ನಾಪೊಲಿಸ್ ಅಂದ್ರೆ ಕ್ಯಾನನ್ ಮಿಲ್ಸ್ ಕಟ್ಟಿದ ಊರು, ಟವೆಲ್ಲು ಬೆಡ್‌ಶೀಟು ನೇಯ್ತಿದ್ದ ಊರು. 2003ರಲ್ಲಿ ಮಿಲ್ಲು ಮುಚ್ಚಿದ್ರು, ಆಮೇಲೆ ಕೆಡವಿ ಆ ಜಾಗದಲ್ಲಿ ರಿಸರ್ಚ್ ಕ್ಯಾಂಪಸ್ ಕಟ್ಟಿದ್ರು. ಆದ್ರೆ ನಾನು ಅಲ್ಲಿಗೆ ಪದೇ ಪದೇ ಹೋಗೋದು ಡೇಲ್ ಅರ್ನ್‌ಹಾರ್ಟ್‌ಗಾಗಿ. ನ್ಯಾಸ್ಕಾರ್ ಅನ್ನೋ ಅಮೆರಿಕದ ಕಾರ್ ರೇಸಲ್ಲಿ ಏಳು ಸಲ ಚಾಂಪಿಯನ್ ಆದ ಡೇಲ್ ಎಲ್ರಿಗೂ ಗೊತ್ತು, ನನಗೆ ಬೇಕಾಗಿರೋದು 1979ಕ್ಕೆ ಮುಂಚಿನ ಡೇಲ್.

ದಾರೀಲಿ ಕಾನ್‌ಕಾರ್ಡ್ ಹತ್ರ ದೊಡ್ಡ ಸ್ಪೀಡ್‌ವೇ ಸಿಗತ್ತೆ. 1975ರ ಮೇ ತಿಂಗಳಲ್ಲಿ ಇಲ್ಲೇ ಅವ್ನ ಮೊದಲ ಕಪ್ ರೇಸು (ಕಪ್ ಅಂದ್ರೆ ನ್ಯಾಸ್ಕಾರ್‌ನ ಎಲ್ಲಕ್ಕಿಂತ ಮೇಲಿನ ಹಂತ), 600 ಮೈಲಿ, ಯಾರದ್ದೋ ಡಾಡ್ಜ್ ಕಾರಲ್ಲಿ ಓಡಿಸಿ 22ನೇ ಜಾಗಕ್ಕೆ ಬಂದ. ಹಿಂದೆ 23ನೇ ಜಾಗದಲ್ಲಿ ಬಂದೋನು ರಿಚರ್ಡ್ ಚಿಲ್ಡ್ರೆಸ್, ಮುಂದೆ ಇದೇ ಚಿಲ್ಡ್ರೆಸ್ ಟೀಮಿನ ಕಾರಲ್ಲೇ ಡೇಲ್ ಆರು ಚಾಂಪಿಯನ್‌ಶಿಪ್ ಗೆದ್ದ. ಆದ್ರೆ ಅದೆಲ್ಲಾ ಎಷ್ಟೋ ದೂರದ ಮಾತು, 1975ರಿಂದ 78ರವರೆಗೆ ನಾಲ್ಕು ವರ್ಷದಲ್ಲಿ ಅವ್ನಿಗೆ ಸಿಕ್ಕಿದ್ದು ಬರೀ ಒಂಬತ್ತು ಕಪ್ ರೇಸು.

ಊರೊಳಗೆ ಕಾರ್ ಟೌನ್ ಅಂತ ಒಂದು ಏರಿಯಾ ಇದೆ, ಬೀದಿಗಳಿಗೆಲ್ಲಾ ಸೆಡಾನ್, ಕೋಚ್, ವಿ8 ಅಂತ ಕಾರಿನ ಹೆಸರು. ಅಲ್ಲಿ ಮೆಲ್ಲಗೆ ಗಾಡಿ ಓಡಿಸ್ತಾ ಡೇಲ್ ಅಪ್ಪ ರಾಲ್ಫ್ ಕಥೆ ಹೇಳಿದೆ. ರಾಲ್ಫ್ ಹತ್ತಿ ಮಿಲ್ಲಿನ ಕೆಲಸದಿಂದ ತಪ್ಪಿಸ್ಕೊಳ್ಳೋಕೆ ರೇಸಿಗೆ ಇಳಿದೋರು, ಮನೆ ಹಿಂದಿನ ಗ್ಯಾರೇಜಲ್ಲೇ ಕಾರು ಕಟ್ಟಿ 1956ರಲ್ಲಿ ನ್ಯಾಸ್ಕಾರ್‌ನ ಸ್ಪೋರ್ಟ್ಸ್‌ಮನ್ ಅನ್ನೋ ವಿಭಾಗದಲ್ಲಿ ಚಾಂಪಿಯನ್ ಆದ್ರು. ಮಗ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ನಾನೂ ರೇಸ್ ಮಾಡ್ತೀನಿ ಅಂದಾಗ ಅವ್ರಿಗೆ ತುಂಬಾ ನೋವಾಯ್ತಂತೆ.

ಇಷ್ಟು ಹೇಳಿ ನಾನು ಸುಮ್ಮನಾದೆ, ಅಪ್ಪಾಜಿನೂ ಸುಮ್ಮನಾದ್ರು. ಸೆಕೆಂಡ್ ಪಿಯು ಅರ್ಧಕ್ಕೆ ಬಿಟ್ಟು ಎಂಟು ತಿಂಗಳು ನಾನು ಪಿಬಿ ರೋಡಿನ ಒಂದು ಗ್ಯಾರೇಜಲ್ಲಿ ಇದ್ದೆ, ಆ ಎಂಟು ತಿಂಗಳೂ ಅಪ್ಪಾಜಿ ನನ್ನ ಜೊತೆ ಮಾತು ಬಿಟ್ಟಿದ್ರು. ಆಮೇಲೆ ಡಿಪ್ಲೊಮಾ, ಇಂಜಿನಿಯರಿಂಗ್ ಎಲ್ಲಾ ಆಯ್ತು, ಆದ್ರೆ ಆ ಎಂಟು ತಿಂಗಳ ಬಗ್ಗೆ ಇವತ್ತಿನವರೆಗೂ ನಾವಿಬ್ರೂ ಮಾತಾಡಿಲ್ಲ.

ಸ್ವಲ್ಪ ಹೊತ್ತಾದ್ಮೇಲೆ ಅವ್ರೇ ಕೇಳಿದ್ರು, "ಮಗ ಗೆದ್ದಿದ್ದು ಅವ್ರಪ್ಪ ನೋಡಿದ್ನಾ?"

ದೊಡ್ಡ ಗೆಲುವು ಒಂದೂ ನೋಡಲಿಲ್ಲ ಅಂದೆ. 1973ರ ಸೆಪ್ಟೆಂಬರಲ್ಲಿ ರಾಲ್ಫ್ ಮನೇಲೇ ಹಾರ್ಟ್ ಅಟ್ಯಾಕ್ ಆಗಿ ಹೋಗ್ಬಿಟ್ರು, 45 ವರ್ಷ ಅಷ್ಟೆ. ಡೇಲ್‌ಗೆ ಆಗ 22. ಆಮೇಲೆ ಹಗಲು ವೆಲ್ಡಿಂಗು, ಮೆಕ್ಯಾನಿಕ್ ಕೆಲಸ, ರಾತ್ರಿ ಕಾರು ರಿಪೇರಿ, ಮನೇಲಿ ಚಿಕ್ಕ ಮಕ್ಳು, ಟೈರಿಗೂ ಪಾರ್ಟ್ಸಿಗೂ ಬ್ಯಾಂಕಲ್ಲಿ 90 ದಿನದ ಸಾಲ ತಗೊಂಡು ವೀಕೆಂಡಲ್ಲಿ ಗೆದ್ದು ಸೋಮವಾರ ಕಟ್ಟೋಣ ಅನ್ನೋ ಲೆಕ್ಕದಲ್ಲಿ ಓಡಿಸ್ತಿದ್ದ. ಅಪ್ಪಾಜಿ ಈ ಸಾಲದ ಮಾತಿಗೆ ಕಿವಿ ನೆಟ್ಟಗೆ ಮಾಡಿದ್ರು, ಬಡ್ಡಿ ಎಷ್ಟಿತ್ತು, ಜಾಮೀನು ಯಾರು ಹಾಕಿದ್ರು, ಸೋತ ವಾರ ಹೆಂಗ್ ಮಾಡ್ತಿದ್ದ ಅಂತ ಒಂದರ ಹಿಂದೆ ಒಂದು. ಮಿಲ್ ಮುಚ್ಚಿದ್ಮೇಲೆ ಚೀಟಿ ಎತ್ತಿ ನನ್ನ ಫೀಸು ಕಟ್ಟಿದೋರು, ಅವ್ರಿಗೆ ಆ ಹುಡುಗನ ಸೋಮವಾರಗಳು ನನಗಿಂತ ಚೆನ್ನಾಗಿ ಅರ್ಥ ಆಗಿದ್ವು.

ಕೊನೆಗೆ 1979ರ ಏಪ್ರಿಲ್ 1ಕ್ಕೆ ಡೇಲ್ ಬ್ರಿಸ್ಟಲ್ ಟ್ರ್ಯಾಕಲ್ಲಿ ಗೆದ್ದ, ತನ್ನ 16ನೇ ಕಪ್ ರೇಸಲ್ಲಿ. ಆ ವರ್ಷವೇ ಪೊಕೊನೊ ಟ್ರ್ಯಾಕಲ್ಲಿ ಡಿಕ್ಕಿಯಾಗಿ ಕಾಲರ್ ಬೋನ್ ಮುರ್ಕೊಂಡು ನಾಲ್ಕು ರೇಸು ತಪ್ಪಿದ್ರೂ ರೂಕಿ ಆಫ್ ದಿ ಇಯರ್, ಅಂದ್ರೆ ಆ ವರ್ಷದ ಅತ್ಯುತ್ತಮ ಹೊಸ ಡ್ರೈವರ್ ಆದ, ಮುಂದಿನ ವರ್ಷ ಚಾಂಪಿಯನ್.

ಪ್ಲಾಜಾದಲ್ಲಿ ಅವ್ನ ಒಂಬತ್ತು ಅಡಿ ಕಂಚಿನ ಪ್ರತಿಮೆ ಇದೆ. ನಾನು ಫೋಟೊ ತೆಗೀತಿದ್ದಾಗ ಅಪ್ಪಾಜಿ ಬೆಂಚ್ ಮೇಲೆ ಒಬ್ಬ ಅಜ್ಜನ ಪಕ್ಕ ಕೂತ್ಕೊಂಡ್ರು. ಅಜ್ಜ ಇಲ್ಲೇ ಮಿಲ್ಲಲ್ಲಿ ದುಡಿದೋರಂತೆ, ಸಣ್ಣವರಿದ್ದಾಗ ಶನಿವಾರ ರಾತ್ರಿ ಇಡೀ ಬೀದಿ ಜನ ರಾಲ್ಫ್ ಓಡ್ಸೋದು ನೋಡೋಕೆ ಮಣ್ಣಿನ ಟ್ರ್ಯಾಕಿಗೆ ಹೋಗ್ತಿದ್ರು, ಸೋಮವಾರ ಮತ್ತೆ ಶಿಫ್ಟು ಅಂದ್ರು. ನಾನು ಕನ್ನಡಕ್ಕೆ ಹೇಳ್ತಾ ಹೋದೆ. ಸ್ವಲ್ಪ ಹೊತ್ತಿಗೆ ನಾನು ಬೇಕಾಗಲಿಲ್ಲ. ಅಪ್ಪಾಜಿ ಎರಡು ಬೆರಳು ಎತ್ತಿ, ಓಡೋ ಮಷೀನಲ್ಲಿ ಹರಿದ ಎಳೆ ಹಿಡಿದು ಹೆಂಗೆ ಕೂಡಿಸ್ತಿದ್ರು ಅಂತ ಗಾಳೀಲಿ ಮಾಡಿ ತೋರಿಸಿದ್ರು, ಅಜ್ಜ ತಲೆ ಆಡಿಸಿ ತಾನೂ ಎರಡು ಬೆರಳು ಎತ್ತಿದ.